ಅರ್ಧ ಮಾತ್ರೆ

ಕಳೆದ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ, ನೋಯ್ಡಾದ 17ನೇ ಮಹಡಿಯ ನಮ್ಮ ಅಡುಗೆಮನೆಯಲ್ಲಿ ನಿಂತು ಒಂದು ಮಾತ್ರೆಯನ್ನು ಚಾಕುವಿನಿಂದ ಎರಡು ಹೋಳು ಮಾಡಿದೆ. ಎಸಿಟಲೋಪ್ರಾಮ್, 10 ಮಿಲಿಗ್ರಾಂ. ಮೊದಲ ವಾರ ಅರ್ಧ, ಆಮೇಲೆ ಪೂರ್ತಿ ಎಂದು ಡಾಕ್ಟರು ಬರೆದಿದ್ದರು. ಹೊರಗೆ ಎದುರಿನ ಟವರ್ ಕೂಡ ಕಾಣದಷ್ಟು ಹೊಗೆ. ದೆಹಲಿಯ ಸುತ್ತಮುತ್ತ ಇರುವವರಿಗೆ ಆ ತಿಂಗಳ ಗಾಳಿ ಗೊತ್ತೇ ಇದೆ.

ಡಾಕ್ಟರು ನೇರವಾಗಿ ಹೇಳಿದ್ದರು: "ಮೊದಲ ಎರಡು ವಾರ ನಿಮಗೆ ಇದು ಇಷ್ಟವಾಗಲ್ಲ. ಹೊಟ್ಟೆ ತೊಳಸಬಹುದು, ಬಾಯಿ ಒಣಗಬಹುದು, ನಿದ್ದೆ ಕೆಡಬಹುದು, ತಳಮಳ ಜಾಸ್ತಿಯಾಗಬಹುದು. ಒಳ್ಳೆಯದು ಕಾಣಿಸೋಕೆ ನಾಲ್ಕರಿಂದ ಆರು ವಾರ ಬೇಕು." ನಾನು ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿಕೊಂಡು ಬಂದವನು. ಖರ್ಚು ಇವತ್ತಿನಿಂದ, ಡೆಲಿವರಿ ಆರು ವಾರದ ನಂತರ, ಅದಕ್ಕೂ ಪೂರ್ತಿ ಗ್ಯಾರಂಟಿ ಇಲ್ಲ ಅನ್ನುವ ವೆಂಡರ್ ಬಂದಿದ್ದರೆ ಕಾಫಿ ಕುಡಿಸಿ ಕಳಿಸುತ್ತಿದ್ದೆ. ಇಲ್ಲಿ ಸಹಿ ಹಾಕಿದೆ. ಎಂಟು ತಿಂಗಳಿಂದ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರವಾಗಿ ಚಾವಣಿ ನೋಡಿ ಸಾಕಾಗಿತ್ತು.

ಎರಡನೇ ದಿನ ವಾಕರಿಕೆ ಶುರುವಾಯಿತು. ಮೂರನೇ ದಿನ ಆಕಳಿಕೆ, ಅದೂ ಕ್ಲೈಂಟ್ ಕಾಲ್‌ನಲ್ಲಿ, ಒಂದರ ಹಿಂದೆ ಒಂದು. ನಾಲ್ಕನೇ ರಾತ್ರಿ ಮೂರು ಗಂಟೆಯವರೆಗೂ ನಿದ್ದೆಯಿಲ್ಲ, ಹಲ್ಲು ತಾನಾಗಿಯೇ ಬಿಗಿಯುತ್ತಿತ್ತು. ಮನಸ್ಸಿನ ಮಾತ್ರೆ ಹೊಟ್ಟೆಯನ್ನೇಕೆ ಕೆಡಿಸುತ್ತದೆ ಎಂದು ಓದಿ ನೋಡಿದೆ. ಮೈಯಲ್ಲಿರುವ ಸೆರೊಟೊನಿನ್‌ನ ಸುಮಾರು 90 ಭಾಗ ಇರುವುದೇ ಕರುಳಿನ ಕಡೆ. ಮಾತ್ರೆ ಮಿದುಳನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಸೆರೊಟೊನಿನ್ ನರಕೋಶದೊಳಗೆ ವಾಪಸು ಹೋಗುವ ದಾರಿಯನ್ನು ಅದು ಕೆಲವೇ ಗಂಟೆಗಳಲ್ಲಿ ತಡೆಯುತ್ತದಂತೆ, ಆದರೆ ಆ ಬದಲಾವಣೆಗೆ ಮಿದುಳು ಹೊಂದಿಕೊಳ್ಳಲು ವಾರಗಳು ಬೇಕು. ತೊಂದರೆ ಮೊದಲು ಬಂದು ಗುಣ ಆಮೇಲೆ ಬರುವುದು ಇದರಿಂದಲೇ. ತಿಂಡಿ ತಿಂದ ಮೇಲೆ ಮಾತ್ರೆ ತೆಗೆದುಕೊಂಡೆ, ನಿದ್ದೆಗೆ ಅಡ್ಡಿಯಾಗದಿರಲೆಂದು ಬೆಳಿಗ್ಗೆಯೇ. ಸ್ವಲ್ಪ ಸ್ವಲ್ಪ ಊಟ, ಶುಂಠಿ, ಮೊಸರನ್ನ, ಹತ್ತಿರದಲ್ಲೇ ನೀರಿನ ಬಾಟಲಿ. ಕಾರಣ ಗೊತ್ತಾದರೆ ವಾಕರಿಕೆ ಕಡಿಮೆಯಾಗುವುದಿಲ್ಲ, ಹೆದರಿಕೆ ಕಡಿಮೆಯಾಗುತ್ತದೆ.

ಐದನೇ ರಾತ್ರಿ ಬಿಟ್ಟುಬಿಡೋಣ ಎಂದು ತೀರ್ಮಾನಿಸಿದೆ. ನನ್ನ ವಾದದಲ್ಲಿ ಲೋಪವಿರಲಿಲ್ಲ: ಔಷಧಿಯಿಂದ ಸ್ಥಿತಿ ಕೆಡುತ್ತಿದೆ, ಕೆಡಿಸುವುದನ್ನು ನಿಲ್ಲಿಸುವುದೇ ವಿವೇಕ. ಆದರೆ ಈ ವಾದ ಮಾಡುತ್ತಿದ್ದವನು ಯಾರು? "ನೀನು ಕೆಲಸಕ್ಕೆ ಬಾರದವನು, ಮಗಳಿಗೂ ಹೊರೆ" ಎಂದು ಎಂಟು ತಿಂಗಳಿಂದ ಅಷ್ಟೇ ಸಲೀಸಾಗಿ ವಾದಿಸಿದ್ದ ಮನಸ್ಸೇ ತಾನೆ? ಸರ್ವರ್ ಕೆಟ್ಟರೆ ಮಾನಿಟರ್ ಹೇಳುತ್ತದೆ. ಮಾನಿಟರೇ ಕೆಟ್ಟಿದ್ದರೆ ಅದರ ಹಸಿರು ದೀಪವನ್ನೂ ಕೆಂಪು ದೀಪವನ್ನೂ ನಂಬುವುದು ಹೇಗೆ? ಹಾಗೆಂದು ಕಣ್ಣುಮುಚ್ಚಿ ಡಾಕ್ಟರ ಮಾತನ್ನಷ್ಟೇ ನಂಬಿ ಕೂರುವುದೂ ಸರಿಯಲ್ಲ. ತಳಮಳ ಆಗುತ್ತಿರುವುದು ನನ್ನ ಮೈಯಲ್ಲಿ, ಅದರ ವರದಿ ಕೊಡಬೇಕಾದವನು ನಾನೇ.

ಹೆಂಡತಿ ಎದ್ದು ಬಂದಳು. ಉಪದೇಶ ಮಾಡಲಿಲ್ಲ. ಫ್ರಿಜ್ಜಿಗೆ ಅಂಟಿಸಿದ್ದ ಚೀಟಿ ತಂದು ದೀಪ ಹಾಕಿದಳು. ಮಾತ್ರೆ ಶುರು ಮಾಡುವ ಹಿಂದಿನ ದಿನ ಡಾಕ್ಟರು ಹೇಳಿದ್ದನ್ನು ನಾನೇ ಎರಡು ಪಟ್ಟಿ ಮಾಡಿ ಬರೆದಿದ್ದೆ. ಎಡಕ್ಕೆ "ಸಹಿಸುವುದು": ವಾಕರಿಕೆ, ತಲೆನೋವು, ಬಾಯಿ ಒಣಗುವುದು, ಆಕಳಿಕೆ. ಬಲಕ್ಕೆ "ಫೋನ್ ಮಾಡುವುದು": ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆ, ಸಾಯುವ ಯೋಚನೆ, ಮೈಮೇಲೆ ದದ್ದು, ನಿದ್ದೆಯೇ ಬೇಡವೆನ್ನಿಸುವ ವಿಪರೀತ ಉತ್ಸಾಹ. ಕೆಳಗೆ ಗೆರೆ ಎಳೆದು, "ಕೇಳದೆ ನಿಲ್ಲಿಸಬಾರದು."

"ಬಲಗಡೇದು ಯಾವುದಾದ್ರೂ ಇದೆಯಾ?" ಎಂದಳು.

ಇಲ್ಲ ಎನ್ನುವುದು ಸುಲಭವಿತ್ತು. ಸಾಯಬೇಕು ಎಂದು ನಾನು ಯೋಚಿಸಿರಲಿಲ್ಲ. ಆದರೆ ನಾಳೆ ಎಚ್ಚರವಾಗದಿದ್ದರೂ ಪರವಾಗಿಲ್ಲ ಎಂದು ಆ ರಾತ್ರಿ ಎರಡು ಸಲ ಅನ್ನಿಸಿತ್ತು. ಅದು ಬಲಗಡೆಯ ಪಟ್ಟಿಗೆ ಸೇರುತ್ತದೋ ಇಲ್ಲವೋ ಎಂದು ನನ್ನೊಳಗೇ ವ್ಯಾಖ್ಯಾನ ನಡೆಯುತ್ತಿತ್ತು. ಆಫೀಸಿನಲ್ಲಿ ಹುಡುಗರಿಗೆ ನಾನು ಪದೇಪದೇ ಹೇಳುವ ಮಾತೊಂದಿದೆ: ಹಳದಿ ಇದ್ದರೆ ಹಳದಿ ಅನ್ನಿ, ಹಸಿರು ಅಂತ ತೋರಿಸಬೇಡಿ. ಹೇಳಿದೆ.

ಅವಳು ಬಾಲ್ಕನಿಯ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ಕೂತಳು. ಬೆಳಗಾಗುವವರೆಗೂ ಕಾಯಲಾಗದಿದ್ದರೆ ಎಂದು 14416 ನಂಬರನ್ನೂ ಫೋನಿನಲ್ಲಿ ತೆಗೆದಿಟ್ಟಳು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸೇವೆ ಅದು, ದಿನದ 24 ಗಂಟೆಯೂ ಇರುತ್ತದೆ. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಅಂದೇ ಬರಹೇಳಿದರು, ಕೇಳಬೇಕಾದ್ದನ್ನೆಲ್ಲ ಬಿಡಿಬಿಡಿಯಾಗಿ ಕೇಳಿದರು, ಅರ್ಧ ಮಾತ್ರೆಯನ್ನೇ ಇನ್ನೊಂದು ವಾರ ಮುಂದುವರಿಸಲು ಹೇಳಿ ಮೂರು ದಿನಕ್ಕೆ ಮತ್ತೆ ಕರೆದರು. "ಹೇಳಿದ್ದು ಒಳ್ಳೇದಾಯ್ತು" ಎಂದರು. ಅಷ್ಟೇ.

ಆ ರಾತ್ರಿಯ ನಂತರ ಸಹನೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿದೆ. ನಾನು ಬೆಳೆದದ್ದು ಅರಸೀಕೆರೆಯ ಕಡೆ, ಸಹಿಸಿಕೊಳ್ಳುವವರನ್ನು ಹೊಗಳುವ ಮನೆಯಲ್ಲಿ. ಅಪ್ಪ ಹಲ್ಲುನೋವಿಗೂ ಒಂದು ದಿನ ರಜ ಹಾಕಿದವರಲ್ಲ. ಹೀಗೆ ಬೆಳೆದವನಿಗೆ ಮಾತ್ರೆ ನುಂಗುವುದೆಂದರೆ ಸೋಲು ಒಪ್ಪಿಕೊಂಡಂತೆ. ಆದರೆ ಆ ಎರಡು ವಾರದ ವಾಕರಿಕೆಯೂ ಸಹನೆಯೇ ಅಲ್ಲವೆ? ಎಂಟು ತಿಂಗಳು ಕಾಯಿಲೆಯನ್ನು ಸಹಿಸಿದಾಗ ಅದಕ್ಕೆ ಅವಧಿ ಇರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ಔಷಧಿಯನ್ನು ಸಹಿಸುವಾಗ ಒಂದು ತಾರೀಕಿತ್ತು, ಮಿತಿ ಯಾವುದೆಂದು ಚೀಟಿಯಲ್ಲಿತ್ತು, ಪಕ್ಕದಲ್ಲಿ ಒಬ್ಬರಿಗೆ ಗೊತ್ತಿತ್ತು. ಈ ಮೂರೂ ಇಲ್ಲದ ಸಹನೆಯನ್ನು ಗುಣವೆಂದು ಕರೆಯಲು ನನಗೀಗ ಮನಸ್ಸಾಗುವುದಿಲ್ಲ. ಅದು ಬಚ್ಚಿಡುವುದು, ಅಷ್ಟೇ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ 100ಕ್ಕೆ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಆಸ್ಪತ್ರೆ ದೂರ, ಡಾಕ್ಟರಿಲ್ಲ, ದುಡ್ಡಿಲ್ಲ ಎಂಬ ಕಾರಣಗಳು ಇದ್ದೇ ಇವೆ. ಇವುಗಳಲ್ಲಿ ಒಂದೂ ನನಗಿರಲಿಲ್ಲ. ನನ್ನನ್ನು ತಡೆದದ್ದು ಈ ಹೊಗಳಿಕೆಯೇ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಮೊದಲು ಬಂದ ಮಾತು, "ತಲೆಗೆ ಮಾತ್ರೆನಾ? ಯಾರ ಹತ್ರಾನೂ ಹೇಳ್ಬೇಡ." ಹದಿನೈದು ವರ್ಷದಿಂದ ಬಿಪಿ ಮಾತ್ರೆಯನ್ನು ದೇವರ ಮುಂದಿನ ಡಬ್ಬಿಯಲ್ಲಿಟ್ಟು ನುಂಗುವವಳು. ವಾರದ ನಂತರ ಅವಳೇ ಫೋನ್ ಮಾಡಿ ಅದೂ ಇದೂ ಮಾತಾಡಿ, ಕೊನೆಗೆ ಹೇಳಿದಳು: "ನೀನು ಮೂರು ತಿಂಗಳ ಕೂಸಿದ್ದಾಗ ನಂಗೂ ಹಿಂಗೇ ಆಗಿತ್ತು ಕಣೋ. ನಿಮ್ಮಜ್ಜಿ ನನ್ನ ಬಾವಿ ಹತ್ರ ಒಬ್ಬಳನ್ನೇ ಬಿಡ್ತಿರ್ಲಿಲ್ಲ." ನಲವತ್ತೈದು ವರ್ಷ ಈ ಮಾತು ಅವಳೊಳಗೇ ಇತ್ತು. ಅಜ್ಜಿಗೆ ಕಾಯಿಲೆಯ ಹೆಸರು ಗೊತ್ತಿರಲಿಲ್ಲ, ಏನು ಮಾಡಬೇಕೆಂದು ಗೊತ್ತಿತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಮಾತ್ರೆಯಿಂದ ಬರುವ ನೆಮ್ಮದಿ ನನ್ನದೇ ಅಥವಾ ಎರವಲಿನದೇ? 1952ರ ಸುಮಾರಿಗೆ ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಜಿಡ್ ಎಂಬ ಹೊಸ ಔಷಧಿ ಕೊಟ್ಟಾಗ, ಹಾಸಿಗೆ ಹಿಡಿದವರು ಲವಲವಿಕೆಯಿಂದ ಓಡಾಡತೊಡಗಿದರು. ಖಿನ್ನತೆಗೆ ಔಷಧಿ ಸಿಕ್ಕಿದ್ದು ಹೀಗೆ ಆಕಸ್ಮಿಕವಾಗಿ. ಆ ಖುಷಿ ಅವರದೋ ಔಷಧಿಯದೋ ಎಂದು ಕೂತು ವಾದಿಸಬಹುದು. ನನಗೆ ಉತ್ತರದಂತೆ ಕಂಡದ್ದು ಆರನೇ ವಾರದ ಒಂದು ಸಂಜೆ. ಮಗಳು ಗಣಿತದ ಲೆಕ್ಕವೊಂದನ್ನು ಕೇಳಿದಳು, ಹೇಳಿಕೊಟ್ಟೆ. ಎರಡನೆಯದನ್ನೂ ಕೇಳಿದಳು. ತಿಂಗಳುಗಟ್ಟಲೆ ಅವಳು ಎರಡನೇ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದಳು ಎಂಬುದು ನನಗೆ ಹೊಳೆದದ್ದು ಆಗಲೇ. ನೆಮ್ಮದಿ ಯಾರದಾದರೂ ಆಗಿರಲಿ, ಅವಳು ಕೇಳಿದ ಪ್ರಶ್ನೆ ನಿಜ. ಎಲ್ಲರಿಗೂ ಇದೇ ಮಾತ್ರೆ ಹಿಡಿಸುತ್ತದೆ, ಎಲ್ಲರಿಗೂ ಮಾತ್ರೆಯೇ ಬೇಕು ಎಂದು ಹೇಳುತ್ತಿಲ್ಲ. ಅದನ್ನು ನೋಡಿ ಹೇಳಬೇಕಾದವರು ಡಾಕ್ಟರು.

ಇದನ್ನು ಬರೆಯಲು ಕಾರಣ ಬೇರೆ. ಜನವರಿಯಲ್ಲಿ ಕನ್ನಡದ ಗೆಳೆಯರು ಕೆಲವರು ಊಟಕ್ಕೆ ಸೇರಿದ್ದೆವು. ಕೈ ತೊಳೆಯುವ ಜಾಗದಲ್ಲಿ ಒಬ್ಬ ಹುಡುಗ ಮೆಲ್ಲಗೆ ಕೇಳಿದ, "ಸರ್, ನಾಲ್ಕನೇ ದಿನಕ್ಕೇ ಬಿಟ್ಟುಬಿಟ್ಟೆ, ತಡೆಯೋಕಾಗ್ಲಿಲ್ಲ. ತಪ್ಪಾಯ್ತಾ?" ಡಾಕ್ಟರಿಗೆ ಹೇಳಿದೆಯಾ ಎಂದೆ. ಇಲ್ಲವಂತೆ, ನಾಚಿಕೆ. ನನ್ನ ಚೀಟಿಯ ಕಥೆ ಹೇಳಿ, ನಾಳೆಯೇ ಫೋನ್ ಮಾಡು, ರಾತ್ರಿ ಕಷ್ಟವಾದರೆ ಪಕ್ಕದಲ್ಲಿರುವವರನ್ನು ಎಬ್ಬಿಸು ಎಂದೆ.

"ಗುರುಗ್ರಾಮದಲ್ಲಿ ಒಂದು ರೂಮು ಸರ್, ಒಬ್ನೇ. ಯಾರನ್ನ ಎಬ್ಬಿಸ್ಲಿ?"

ನನ್ನ ಚೀಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಊರು ಬಿಟ್ಟು ಬಂದ ನಮ್ಮಲ್ಲಿ ಎಷ್ಟೋ ಜನರ ಸ್ಥಿತಿ ಇದೇ. ನನ್ನ ನಂಬರ್ ಕೊಟ್ಟೆ. ಅವನು ಡಾಕ್ಟರನ್ನು ಕಂಡು ಬೇರೆ ಔಷಧಿ ಶುರು ಮಾಡಿದ್ದಾನೆ. ರಾತ್ರಿ ಇದುವರೆಗೂ ಫೋನ್ ಬಂದಿಲ್ಲ. ನಾನಂತೂ ಮಲಗುವಾಗ ಫೋನನ್ನು ಸೈಲೆಂಟ್‌ಗೆ ಹಾಕುವುದನ್ನು ಬಿಟ್ಟಿದ್ದೇನೆ.