ಕ್ಯಾನಿಂಗ್ ಲೋಕಲ್ ಮತ್ತು ಎರಡು ದಿನದ ಸಂಬಳ

1998ರಲ್ಲಿ ನನಗೆ ಪ್ರಮೋಷನ್ ಜೊತೆಗೆ ಕಲ್ಕತ್ತಾಕ್ಕೆ ವರ್ಗವಾಯಿತು. ಅದಿನ್ನೂ ಕೋಲ್ಕತ್ತಾ ಆಗಿರಲಿಲ್ಲ, ಹೆಸರು ಬದಲಾದದ್ದು 2001ರಲ್ಲಿ. ಅರಸೀಕೆರೆ ಬಿಟ್ಟು ಎರಡು ರಾತ್ರಿ ರೈಲಿನಲ್ಲಿ ಕಳೆದ ಮೇಲೆ ಹೌರಾ. ಸಾಸಿವೆ ಎಣ್ಣೆಯ ವಾಸನೆ, ಅರ್ಥವಾಗದ ಮಾತು. ಊರು ಬಿಟ್ಟವನ ಸಂಕಟ ನನ್ನಷ್ಟು ಇನ್ಯಾರಿಗೂ ಇಲ್ಲ ಅಂತಲೇ ಆಗ ನಂಬಿದ್ದೆ.

ಮನೆ ಸಿಕ್ಕಿದ್ದು ಬಾಲಿಗಂಜ್ ಸ್ಟೇಷನ್ ಹತ್ತಿರ. ಸಿಯಾಲ್ದಾದಿಂದ ದಕ್ಷಿಣಕ್ಕೆ ಹೋಗುವ ಲೋಕಲ್ ಗಾಡಿಗಳೆಲ್ಲ ಅಲ್ಲಿ ನಿಲ್ಲುತ್ತವೆ. ಪಾತ್ರೆ, ಬಟ್ಟೆ ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು. ನಾವು ಅವಳನ್ನು 'ಮಾಶಿ' ಅನ್ನುತ್ತಿದ್ದೆವು. ಅವಳಿಗೆ ನಾನು 'ದಾದಾ', ನನ್ನ ಹೆಂಡತಿ 'ಬೌದಿ'. ಬೆಳಿಗ್ಗೆ ಆರೂವರೆಗೆ ಬಾಗಿಲು ತಟ್ಟಬೇಕು, ಅದು ನನ್ನ ಷರತ್ತು. ಒಂದು ಮಳೆಗಾಲ ಹೇಳದೆ ಕೇಳದೆ ಎರಡು ದಿನ ಬರಲಿಲ್ಲ. ತಿಂಗಳ ಕೊನೆಗೆ ಲೆಕ್ಕ ಹಾಕಿ ಎರಡು ದಿನದ ಸಂಬಳ ಹಿಡಿದೆ. ಅವಳು ಏನೂ ಅನ್ನದೆ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು.

ಸ್ವಲ್ಪ ದಿನದ ಮೇಲೆ ಊರಿಂದ ಬಂದಿದ್ದ ನೆಂಟರೊಬ್ಬರನ್ನು ಬೀಳ್ಕೊಡಲು ಬೆಳಗಿನ ಜಾವ ಸ್ಟೇಷನ್ನಿಗೆ ಹೋಗಿದ್ದೆ. ಕ್ಯಾನಿಂಗ್ ಲೋಕಲ್ ಬಂದು ನಿಂತಿತು. ಇಳಿದವರಲ್ಲಿ ಹೆಚ್ಚಿನವರು ಹೆಂಗಸರು. ಇಳಿದವರೇ ಓಡಿದರು. ಆ ಗುಂಪಿನಲ್ಲಿ ನಮ್ಮ ಮಾಶಿಯೂ ಇದ್ದಳು. ಆ ಗಾಡಿಗೆ ಜನ ಇಟ್ಟ ಹೆಸರು 'ಝಿ ಸ್ಪೆಷಲ್'. ಬಂಗಾಳಿಯಲ್ಲಿ 'ಝಿ' ಅಂದರೆ ಮನೆಗೆಲಸದವಳು. ಅದೇ ಮಾತಿಗೆ ಮಗಳು ಅಂತಲೂ ಅರ್ಥವಿದೆ, ನೋಡಿ.

ಆ ದಿನ ಅವಳನ್ನು ಕೇಳಿದೆ. ರಾತ್ರಿ ಎರಡೂವರೆಗೆ ಏಳುತ್ತಾಳಂತೆ. ಆ ಎರಡು ದಿನ ಗುಡಿಸಲೊಳಗೆ ಮೊಣಕಾಲುದ್ದ ನೀರಿತ್ತಂತೆ. "ಹೇಳಬಾರದಿತ್ತೇ?" ಅಂದೆ. "ನೀವು ಕೇಳಲಿಲ್ಲವಲ್ಲ ದಾದಾ" ಅಂದಳು.

ಆ ರೈಲು ದಾರಿಯ ಕಥೆ ಓದಿದ್ದು ಆಮೇಲೆ. ಹೂಗ್ಲಿ ನದಿಯಲ್ಲಿ ಹೂಳು ತುಂಬಿ ಕಲ್ಕತ್ತಾ ಬಂದರು ಕೆಡಬಹುದೆಂಬ ಭಯದಿಂದ ಬ್ರಿಟಿಷರು ಮಾತ್ಲಾ ನದಿಯ ದಡದಲ್ಲಿ ಇನ್ನೊಂದು ಬಂದರು ಕಟ್ಟಲು ಹೊರಟರು. ಲಾರ್ಡ್ ಕ್ಯಾನಿಂಗ್ ಹೆಸರಿಟ್ಟರು. 1862-63ರಲ್ಲಿ ಅಲ್ಲಿಗೆ ರೈಲೂ ಬಂತು. 'ಸೈಕ್ಲೋನ್' ಎಂಬ ಪದವನ್ನು ಕೊಟ್ಟ ಹೆನ್ರಿ ಪಿಡಿಂಗ್ಟನ್ 1853ರಲ್ಲೇ ಆ ಜಾಗ ಬೇಡ, ಚಂಡಮಾರುತ ಬಂದರೆ ಉಳಿಯದು ಅಂತ ಬರೆದಿದ್ದರು. ಯಾರೂ ಕೇಳಲಿಲ್ಲ. 1867ರ ಚಂಡಮಾರುತ ಬಂದರನ್ನು ಹಾಳುಮಾಡಿತು, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ರೈಲು ಮಾತ್ರ ಉಳಿಯಿತು. ಹಡಗಿನ ಸರಕಿಗೆಂದು ಹಾಕಿದ ಸುಮಾರು 45 ಕಿಲೋಮೀಟರ್ ಕಂಬಿಯ ಮೇಲೆ ಇವತ್ತು ಸುಂದರಬನದ ಅಂಚಿನ ಹೆಂಗಸರು ನಗರದ ಪಾತ್ರೆ ತೊಳೆಯಲು ಬರುತ್ತಾರೆ.

ಈಗ ನನ್ನ ಪ್ರಶ್ನೆ. ನಾನು ಸಂಬಳ ಹಿಡಿದದ್ದು ತಪ್ಪೇ? ಬಾರದ ದಿನಕ್ಕೆ ದುಡ್ಡಿಲ್ಲ ಅನ್ನೋದು ನಿಯಮ. ಬ್ಯಾಂಕಿನಲ್ಲಿ ನನಗೂ ನಿಯಮವಿತ್ತು. ಆದರೆ ನನ್ನ ಲೆಕ್ಕಕ್ಕೆ ವರ್ಷಕ್ಕೆ 12 ಕ್ಯಾಶುಯಲ್ ಲೀವ್ ಇತ್ತು, ಸಿಕ್ ಲೀವ್ ಇತ್ತು, ಊರಿಗೆ ಹೋಗಲು ಎಲ್.ಟಿ.ಸಿ. ಇತ್ತು. ಅವಳಿಗೆ ರಜೆಯ ಖಾತೆಯೇ ಇರಲಿಲ್ಲ. ಒಂದು ಕಡೆ ಮಾತ್ರ ಬರೆಯುವ ಲೆಕ್ಕವನ್ನು ನಿಯಮ ಅಂತ ಕರೆಯಬಹುದೇ? ಡೆಬಿಟ್‌ಗೆ ಎದುರಾಗಿ ಕ್ರೆಡಿಟ್ ಇರಬೇಕು ಅಂತ ಎಂ.ಕಾಂ. ಓದಿ ಬಂದವನು ನಾನು.

ಪರದೇಶಿ ಯಾರು ಅನ್ನೋದೂ ಆಗಲೇ ಗೊಂದಲವಾಯಿತು. ನಾನು ಊರು ಬಿಟ್ಟದ್ದು ಒಂದೇ ಸಲ, ಅದೂ ಭತ್ಯೆ ಪಡೆದು. ಅವಳು ದಿನಾ ಮಕ್ಕಳು ಏಳುವ ಮುಂಚೆ ಊರು ಬಿಡುತ್ತಿದ್ದಳು.

ಆ ವರ್ಷದ ದುರ್ಗಾಪೂಜೆಗೆ ಬೋನಸ್ಸಿನ ಜೊತೆ ಆ ಎರಡು ದಿನದ ದುಡ್ಡನ್ನೂ ಸೇರಿಸಿ ಕೊಟ್ಟೆ. ಅವಳು ಖುಷಿಯಿಂದ ಕಾಲಿಗೆ ನಮಸ್ಕಾರ ಮಾಡಲು ಬಂದಳು. "ಇದು ನಿನ್ನದೇ ದುಡ್ಡು, ನಾನು ತಪ್ಪು ಮಾಡಿ ಹಿಡಿದಿದ್ದೆ" ಅಂತ ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ.

ಯಾವ ಖಾತೆಗೆ ಅಂತ ಗೊತ್ತಾಗದ ಹಣವನ್ನು ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟಿನಲ್ಲಿ ಇಡುತ್ತೇವೆ. ಇದು ಹಾಗಲ್ಲ. ಯಾವ ಖಾತೆಯದು ಅಂತ ಗೊತ್ತಿದ್ದೂ ಬೇರೆ ಖಾತೆಗೆ ಬರೆದೆ. ಸಾಲ ತೀರಿಸಬೇಕಾದವನು ದಾನ ಕೊಟ್ಟವನಂತೆ ನಿಂತಿದ್ದೆ. ದುಡ್ಡು ಸೇರಬೇಕಾದವಳಿಗೆ ಸೇರಿದೆ, ನಿಜ. ಲೆಕ್ಕ ಮಾತ್ರ ಇನ್ನೂ ತಾಳೆಯಾಗಿಲ್ಲ.