ಆಯುಧಪೂಜೆ ಮುಗಿದ ಮೇಲೆ

ಆಯುಧಪೂಜೆಯ ದಿನ ಪಾಲಿಟೆಕ್ನಿಕ್ ವರ್ಕ್‌ಶಾಪಿನ ಲೇತುಗಳಿಗೆ ಬೇರೆಯೇ ಕಳೆ. ವರ್ಷವಿಡೀ ಗ್ರೀಸು ಮೆತ್ತಿಕೊಂಡಿದ್ದ ಯಂತ್ರವನ್ನು ಹುಡುಗರು ಕಾಟನ್ ವೇಸ್ಟಿನಿಂದ ಉಜ್ಜಿ ಹೊಳಪೇರಿಸುತ್ತಾರೆ. ಚಕ್ಕಿಗೆ ಚೆಂಡುಹೂವಿನ ಮಾಲೆ, ಟೇಲ್‌ಸ್ಟಾಕಿಗೆ ವಿಭೂತಿ, ಬಾಗಿಲಲ್ಲಿ ಒಡೆದ ಬೂದುಗುಂಬಳ. ವೈವಾದಲ್ಲಿ ಥರ್ಮೋಡೈನಾಮಿಕ್ಸಿನ ಎರಡನೇ ನಿಯಮ ಹೇಳಲು ತಡವರಿಸುವವನೂ ಅಂದು ಮಂಗಳಾರತಿ ತಟ್ಟೆ ಹಿಡಿಯಲು ಮುಂದು!

ಇದರಲ್ಲಿ ನಗುವಂಥದ್ದೇನೂ ಇಲ್ಲ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಪೂಜೆ ಸಲ್ಲಬೇಕಾದದ್ದು ಯಂತ್ರಕ್ಕೋ, ಅದರ ಮುಂದೆ ನಿಂತು ಮಾಡುವ ಕೆಲಸಕ್ಕೋ?

ಈ ಜಗಳ ಶಿವಮೊಗ್ಗ ಸೀಮೆಗೆ ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಹೊರಟ ವಚನಕಾರ ಅಲ್ಲಮಪ್ರಭು, ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತ ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ‘ಒಡ್ಡ’ ಎಂದು ಕೆಣಕಿದ ಕಥೆ ಶೂನ್ಯಸಂಪಾದನೆಯಲ್ಲಿದೆ. ಕೆರೆ ಬೇಡವೆಂಬುದು ಅಲ್ಲಮನ ತಕರಾರಲ್ಲ. ಕಟ್ಟಿದೆನೆಂಬ ಹಮ್ಮಿನ ಮೇಲೆ ಅವನ ಕಣ್ಣು. ಅದೇ ಶರಣ ಪರಂಪರೆಯ ನುಲಿಯ ಚಂದಯ್ಯನದು ಇನ್ನೊಂದು ದಾರಿ. ಹಗ್ಗಕ್ಕೆಂದು ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿದ್ದರೂ ಅವನು ಕೆಲಸ ನಿಲ್ಲಿಸಲಿಲ್ಲವಂತೆ. ಹಗ್ಗ ಹೊಸೆಯುವುದೇ ಅವನಿಗೆ ಪೂಜೆ.

ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರು ಚಂದಯ್ಯನಿಗೆ ಹತ್ತಿರದವರು. ಶುರುವಿನಲ್ಲೇ ಫಿಟ್ಟಿಂಗ್ ಲ್ಯಾಬಿನಲ್ಲಿ ವೈಸಿಗೆ ಬಿಗಿದ ಮೈಲ್ಡ್ ಸ್ಟೀಲ್ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಸಮ ಮಾಡಬೇಕು. ಟ್ರೈಸ್ಕ್ವೇರ್ ಒರಗಿಸಿ ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು. ಹೆಚ್ಚು ಉಜ್ಜಿದರೆ ಅಳತೆ ಕೆಟ್ಟು ಜಾಬ್ ಗುಜರಿಗೆ. ಮಿಲಿಮೀಟರಿನ ನೂರನೇ ಒಂದು ಭಾಗ ತೋರಿಸುವ ಮೈಕ್ರೋಮೀಟರಿನ ಮುಂದೆ ಜಾತಿ, ಶಿಫಾರಸು, ಹರಕೆ ಯಾವುದೂ ನಡೆಯದು. ಅಲ್ಲಮ ಹುಡುಕುತ್ತಿದ್ದ ಹಮ್ಮಿನ ಪರೀಕ್ಷೆ ಇಲ್ಲಿ ತಾನಾಗಿಯೇ ಆಗಿಬಿಡುತ್ತದೆ.

ಆದರೆ ಚಂದಯ್ಯನ ಹುಲ್ಲು ಕೆರೆಯಂಚಿನಲ್ಲಿ ಬೆಳೆಯುತ್ತಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಲೇತ್ ಹಾಗಲ್ಲ; ಅದು ಇನ್ನೊಬ್ಬರ ಕೈಯಲ್ಲಿರುತ್ತದೆ.

ಭದ್ರಾವತಿಗಿಂತ ಇದನ್ನು ಚೆನ್ನಾಗಿ ಬಲ್ಲ ಊರಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ನಂಬಿ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರಾಗಿ ನಷ್ಟದಿಂದ ಮೇಲೆತ್ತಲು ಹೆಣಗಿದರು. ಕಾರ್ಖಾನೆಯ ನೆರಳಲ್ಲಿ ಬೆಳೆದ ಊರಿನಲ್ಲಿ ವಿ.ಐ.ಎಸ್.ಎಸ್.ಜೆ. ಸರ್ಕಾರಿ ಪಾಲಿಟೆಕ್ನಿಕ್ಕೂ ಬಂತು. 1989ರಲ್ಲಿ ಕಾರ್ಖಾನೆ ಭಾರತೀಯ ಉಕ್ಕು ಪ್ರಾಧಿಕಾರದ ಕೈ ಸೇರಿತು. 2023ರ ಜನವರಿಯಲ್ಲಿ, ಸರಿಯಾಗಿ ಶತಮಾನದ ವರ್ಷದಲ್ಲೇ, ಅದನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು.

ಕೆಲಸವೇ ಪೂಜೆಯಾದರೆ, ಕೆಲಸ ಕಸಿದುಕೊಳ್ಳುವುದಕ್ಕೆ ಏನೆನ್ನಬೇಕು? ಗುಡಿಗೆ ಬೀಗ ಬಿದ್ದರೆ ಊರೇ ಎದ್ದು ನಿಲ್ಲುತ್ತದೆ. ಕುಲುಮೆಗೆ ಬೀಗ ಬೀಳುವಾಗ ಕೂಗುವವರು ಅಲ್ಲಿ ದುಡಿದವರು ಮಾತ್ರ.

ಸಮಾರಂಭಗಳ ಭಾಷಣಕಾರರು ಇಲ್ಲಿ ಗೀತೆಯನ್ನು ನೆನಪಿಸುತ್ತಾರೆ: ಕರ್ಮ ಮಾಡಿ, ಫಲ ಕೇಳಬೇಡಿ. ತರಬೇತಿಗೆ ಸೇರಿದವನಿಗೆ ಸ್ಟೈಪೆಂಡ್ ಕೊಡಲು ಮನಸ್ಸಿಲ್ಲದ ಮಾಲೀಕನಿಗೆ ಇದಕ್ಕಿಂತ ಅನುಕೂಲದ ಉಪದೇಶ ಇನ್ನೊಂದಿಲ್ಲ. ಗೀತೆ ಹೇಳಿದ್ದು ದುಡಿಯುವವನ ಮನಸ್ಸಿನ ನೆಮ್ಮದಿಗೆ, ದುಡಿಸುವವನ ಉಳಿತಾಯಕ್ಕಲ್ಲ. ಶರಣರ ಕಾಯಕದಲ್ಲಂತೂ ಫಲಕ್ಕೆ ಲೆಕ್ಕವಿದೆ. ಚಂದಯ್ಯ ಹಗ್ಗ ಮಾರಿ ಹಣ ತರುತ್ತಿದ್ದ, ಅದರಿಂದಲೇ ದಾಸೋಹ ನಡೆಯುತ್ತಿತ್ತು. ಕೂಲಿಯಿಲ್ಲದ ದುಡಿಮೆಗೆ ಕಾಯಕವೆಂಬ ಹೆಸರು ಒಪ್ಪುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ಸ್ಟೈಪೆಂಡನ್ನು ಕಡ್ಡಾಯ ಮಾಡಿದ್ದು ಧರ್ಮದ ಮಾತಿಗೆ ಭಾಷಣಗಳಿಗಿಂತ ಹತ್ತಿರವಿದೆ.

ಇನ್ನು ಕೆಲಸವೇ ಸಿಗದವರ ಮಾತು. 2024ರ ಜನವರಿ 12ರಂದು ರಾಜ್ಯ ಸರ್ಕಾರ ಯುವನಿಧಿ ಯೋಜನೆಗೆ ಚಾಲನೆ ಕೊಟ್ಟದ್ದು ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿ. ಆ ಜಾಗಕ್ಕೆ ಈಗ ಅಲ್ಲಮಪ್ರಭುವಿನ ಹೆಸರು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500; ಅದೂ ಹೆಚ್ಚೆಂದರೆ ಎರಡು ವರ್ಷ. ಇದನ್ನು ಬೇಕಾದರೆ ದಾಸೋಹ ಎನ್ನಬಹುದು. ಕಾಯಕವನ್ನು ಮಾತ್ರ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಭದ್ರಾವತಿಯ ಕುಲುಮೆಗಳೇ ಕೊಡಬೇಕು.