ಹೆಸರು ಬೇಡ, ಸುದ್ದಿ ಬರಲಿ

ಕುಡಿದು ರಂಪ ಮಾಡುವುದಕ್ಕೆ ಹೆಸರಾಗಿದ್ದ ಅಮೆರಿಕದ ಬೇಸ್‌ಬಾಲ್ ಆಟಗಾರ ರೋಲಿ ಹೆಮ್‌ಸ್ಲಿ, ತಾನು ಕುಡಿತ ಬಿಟ್ಟಿದ್ದು, ಕುಡಿತ ಬಿಡಬಯಸುವವರು ಹೆಸರು ಹೊರಗೆ ಹೇಳದೆ ಸೇರುವ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟದಿಂದ ಎಂದು 1940ರಲ್ಲಿ ಬಹಿರಂಗವಾಗಿ ಹೇಳಿಬಿಟ್ಟ. ಪತ್ರಿಕೆಗಳಿಗೆ ಹಬ್ಬ. ಕೂಟದ ಸ್ಥಾಪಕರಲ್ಲೊಬ್ಬರಾದ ಬಿಲ್ ಅವರಿಗೆ ಮಾತ್ರ ಹೊಟ್ಟೆಕಿಚ್ಚು! ತಾವೂ ಹೆಸರು, ಫೋಟೊ ಕೊಡುತ್ತಾ ತಿರುಗಿದ್ದನ್ನು ಮುಂದೆ ಅವರೇ ಮರೆಮಾಚದೆ ಬರೆದರು.

1935ರಲ್ಲಿ ಒಹಾಯೊದ ಆಕ್ರನ್‌ನಲ್ಲಿ ಹುಟ್ಟಿದ ಈ ಕೂಟ ಹೆಸರು ಮುಚ್ಚಿಟ್ಟಿದ್ದು ಮೊದಲು ಅಂಜಿಕೆಯಿಂದ. ನೌಕರಿ ಹೋದೀತು, ನೆಂಟರು ಆಡಿಕೊಂಡಾರು. ಇನ್ನೊಂದು ಕಾರಣ ಅನುಭವದಿಂದ ತಿಳಿಯಿತು. ಹೊಗಳಿಕೆಯೂ ಒಂದು ಅಮಲು. ‘ನಾನು ಗೆದ್ದೆ’ ಎಂದು ಮೊದಲ ಪುಟದಲ್ಲಿ ನಕ್ಕವನು ನಾಳೆ ಮತ್ತೆ ಗ್ಲಾಸು ಹಿಡಿದರೆ, ಓದುಗ ಅವನನ್ನಷ್ಟೇ ಅಲ್ಲ, ಕೂಟವನ್ನೂ ತಳ್ಳಿಹಾಕುತ್ತಾನೆ. ಪತ್ರಿಕೆ, ರೇಡಿಯೊ, ಸಿನಿಮಾಗಳಲ್ಲಿ ಸದಸ್ಯರ ಹೆಸರು ಬರಕೂಡದೆಂಬ ಸಂಪ್ರದಾಯವನ್ನು 1950ರಲ್ಲಿ ಕೂಟ ಒಪ್ಪಿಕೊಂಡಿತು. ಬಿಲ್ ಕೂಡ ತಿದ್ದಿಕೊಂಡಿದ್ದರು. ‘ಟೈಮ್’ ವಾರಪತ್ರಿಕೆ ಮುಖಪುಟಕ್ಕೆ ಕರೆದಾಗ ಬೆನ್ನು ತೋರಿಸಿ ನಿಲ್ಲುವುದಕ್ಕೂ ಒಪ್ಪಲಿಲ್ಲ.

ಹೆಸರಿಲ್ಲದಿದ್ದರೆ ಸುದ್ದಿ ಸಪ್ಪೆಯಾಗುತ್ತದೆ ಎಂಬುದು ನಮ್ಮ ಸುದ್ದಿಮನೆಗಳ ತಕರಾರು. ಆದರೆ 1941ರಲ್ಲಿ ಜ್ಯಾಕ್ ಅಲೆಕ್ಸಾಂಡರ್ ಎಂಬ ಪತ್ರಕರ್ತ ಅನುಮಾನಪಡುತ್ತಲೇ ಈ ಕೂಟದೊಳಗೆ ಹೋಗಿ, ಸದಸ್ಯರ ಗುರುತು ಬಿಟ್ಟುಕೊಡದೆ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ಗೆ ಬರೆದರು. ಸುಮಾರು 2,000 ಇದ್ದ ಸದಸ್ಯರು ಅದೇ ವರ್ಷದ ಕೊನೆಗೆ 8,000 ಆದರು.

ಇಂದು ಬೆಂಗಳೂರಿನಲ್ಲೂ ಈ ಕೂಟದ ಸಭೆಗಳು ನಡೆಯುತ್ತವೆ. ಆದರೆ ನಮ್ಮ ಜಿಲ್ಲಾ ಪುಟಗಳಲ್ಲಿ ಮದ್ಯವರ್ಜನ ಶಿಬಿರದ ಸಮಾರೋಪದ ಚಿತ್ರ ನೋಡಿ: ವೇದಿಕೆಯಲ್ಲಿ ಗಣ್ಯರು, ಕೆಳಗೆ ಸಾಲಾಗಿ ಶಿಬಿರಾರ್ಥಿಗಳು, ಎಲ್ಲರ ಮುಖವೂ ನಿಚ್ಚಳ. ಊರಿಗೆ ಗೊತ್ತಿರುವುದೇ ತಾನೆ ಎನ್ನಬಹುದು. ಊರಿನ ನೆನಪು ಮಾಸುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಸಿಗುವ ಚಿತ್ರ ಮಾಸುವುದಿಲ್ಲ. ಮಗಳ ಮದುವೆಯ ಮಾತುಕತೆಗೆ ಬಂದವರಿಗೂ ಅದು ಸಿಗುತ್ತದೆ. ಇನ್ನು ‘ಹೆಸರು ಬದಲಿಸಲಾಗಿದೆ’ ಎಂದು ಬರೆದು, ಊರು, ವಯಸ್ಸು, ಬಸ್ ನಿಲ್ದಾಣದ ಪಕ್ಕದ ಸೈಕಲ್ ಶಾಪನ್ನೆಲ್ಲ ವರ್ಣಿಸುವ ಜಾಣರೂ ಇದ್ದಾರೆ.

ಕುಡಿತ ಬಿಟ್ಟವನು ತನ್ನ ಕಥೆಯನ್ನು ತನ್ನವರಿಗೆ ಹೇಳಿಕೊಳ್ಳುವುದು ಅವನ ಇಷ್ಟ. ಪಕ್ಕದ ಕುರ್ಚಿಯಲ್ಲಿದ್ದವರ ಹೆಸರು ಹೇಳುವ ಹಕ್ಕು ಅವನಿಗೂ ಇಲ್ಲ, ನಮಗಂತೂ ಇಲ್ಲವೇ ಇಲ್ಲ. ವರದಿಗಾರ ಮಿತ್ರರೇ, ಮುಖಗಳನ್ನು ಬಿಡಿ. ಸಭೆ ಎಲ್ಲಿ, ಎಷ್ಟು ಹೊತ್ತಿಗೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹಾಕಿ.